ಅಕ್ಕಲಕೋಟೆಯ ಮಕ್ಕಳು ಯಾವ ಬಸ್ಸು ಹತ್ತಬೇಕು?

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಮರುದಿನ ನಮ್ಮ ಜಿಲ್ಲೆಯ ಕನ್ನಡ ಮನೆಗಳಲ್ಲಿ ಏಳುವ ಪ್ರಶ್ನೆ ಯಾವುದೆಂದು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಮಗುವನ್ನು ಇಲ್ಲಿಯೇ ಹೈಯರ್ ಸೆಕೆಂಡರಿಗೆ ಸೇರಿಸುವುದೇ, ಅಲ್ಲ ತಲಪಾಡಿ ದಾಟಿಸಿ ಮಂಗಳೂರಿನ ಪಿ.ಯು. ಕಾಲೇಜಿಗೆ ಕಳುಹಿಸುವುದೇ? ಅಜ್ಜಿಯದು ಒಂದು ಅಭಿಪ್ರಾಯ, ಸೋದರಮಾವನದು ಇನ್ನೊಂದು, ಶಾಲೆಯ ಅಧ್ಯಾಪಕರದು ಮತ್ತೊಂದು. ಎಲ್ಲರ ಮಾತನ್ನೂ ಕೇಳಿ ಮುಗಿಯುವಾಗ ಅರ್ಜಿ ಕೊಡುವ ಕೊನೆಯ ದಿನ ಬಂದಿರುತ್ತದೆ. ಓದಬೇಕಾದ ಮಗುವನ್ನು ಕೇಳಿದವರು ಯಾರು ಎಂದು ವಿಚಾರಿಸಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿಲ್ಲ.

ನಮ್ಮ ಮನೆಯ ಮಾತು ನಮಗೆ ತೀರ ಹತ್ತಿರವಾದುದರಿಂದ ಸರಿಯಾಗಿ ಕಾಣಿಸುವುದಿಲ್ಲ. ಆದುದರಿಂದ ಇಂದು ವಾಚಕರನ್ನು ನಾವು ಇನ್ನೊಂದು ಗಡಿಗೆ ಕರೆದೊಯ್ಯುತ್ತಿದ್ದೇವೆ. ಅದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಮುಖ್ಯವಾಗಿ ಅದರ ಅಕ್ಕಲಕೋಟೆ ತಾಲೂಕು. ಅಲ್ಲಿಯೂ ಕನ್ನಡ ಮನೆಗಳುಂಟು, ಕನ್ನಡ ಶಾಲೆಗಳುಂಟು, ಹದಿನೈದು ಹದಿನಾರರ ಮಕ್ಕಳುಂಟು. ಇಲ್ಲಿ ಮಲಯಾಳ ಇರುವಲ್ಲಿ ಅಲ್ಲಿ ಮರಾಠಿ ಇದೆ, ಇಲ್ಲಿ ಮಂಗಳೂರು ಇರುವಲ್ಲಿ ಅಲ್ಲಿ ಕಲಬುರಗಿ ಮತ್ತು ವಿಜಯಪುರಗಳಿವೆ. ಉಳಿದುದೆಲ್ಲ ಒಂದೇ.

ಒಂದೇ ವರದಿಯಲ್ಲಿ ಸೇರಿದ ಎರಡು ಊರುಗಳು

ಈ ಹೋಲಿಕೆ ಆಕಸ್ಮಿಕವಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರ ಮೇ 1ರಂದು ಮಹಾರಾಷ್ಟ್ರದ ಪಾಲಾಯಿತು. 1966ರಲ್ಲಿ ಕೇಂದ್ರ ಸರಕಾರವು ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್ ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ಬಂದ ಅದರ ವರದಿಯು ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಪ್ರದೇಶಗಳನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ.

ಇದಕ್ಕೂ ಮೊದಲೇ ನಮ್ಮೂರಿಗೂ ಸೊಲ್ಲಾಪುರಕ್ಕೂ ನಂಟು ಇತ್ತು. ಕನ್ನಡ ಸಾಹಿತ್ಯ ಸಮ್ಮೇಳನವು 1948ರಲ್ಲಿ ಕಾಸರಗೋಡಿನಲ್ಲಿಯೂ 1950ರಲ್ಲಿ ಸೊಲ್ಲಾಪುರದಲ್ಲಿಯೂ ನಡೆಯಿತು. ಮರುವರ್ಷ ಮುಂಬಯಿಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಅಂದು ಸಭೆಯಲ್ಲಿ ಕುಳಿತಿದ್ದ ಹಿರಿಯರಿಗೆ ತಮ್ಮ ಮೊಮ್ಮಕ್ಕಳು ಬೇರೊಂದು ರಾಜಭಾಷೆಯಲ್ಲಿ ಅರ್ಜಿ ತುಂಬಬೇಕಾದೀತೆಂದು ಹೊಳೆದಿರಲಾರದು.

2022ರ ನವೆಂಬರಿನಲ್ಲಿ ಈ ಹಳೆಯ ವಿಷಯ ಮತ್ತೆ ಭುಗಿಲೆದ್ದುದನ್ನು ವಾಚಕರು ಮರೆತಿರಲಾರರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ, ಸೊಲ್ಲಾಪುರ, ಅಕ್ಕಲಕೋಟೆಗಳ ಹೆಸರೆತ್ತಿದರು. ಅಕ್ಕಲಕೋಟೆ ತಾಲೂಕಿನ ಕೆಲವು ಗ್ರಾಮ ಪಂಚಾಯತುಗಳು ರಸ್ತೆ, ನೀರು ಮೊದಲಾದ ಸೌಕರ್ಯ ಕೊಡಿ, ಇಲ್ಲವೇ ಕರ್ನಾಟಕಕ್ಕೆ ಹೋಗಲು ಬಿಡಿ ಎಂದು ಕೂಗು ಹಾಕಿದುವು. ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಕೆಲವು ದಿನ ಎರಡು ರಾಜ್ಯಗಳ ನಡುವಣ ಬಸ್ಸುಗಳು ನಿಂತುವು. ಡಿಸೆಂಬರ್ 14ರಂದು ಕೇಂದ್ರ ಗೃಹಮಂತ್ರಿಗಳು ಇಬ್ಬರು ಮುಖ್ಯಮಂತ್ರಿಗಳನ್ನೂ ದಿಲ್ಲಿಗೆ ಕರೆಸಿ, ಸುಪ್ರೀಂ ಕೋರ್ಟಿನ ತೀರ್ಪು ಬರುವ ತನಕ ಯಾರೂ ಹಕ್ಕು ಮಂಡಿಸಬಾರದೆಂದು ಒಪ್ಪಿಸಿದರು. ಆದರೂ ಅದೇ ತಿಂಗಳಲ್ಲಿ ಎರಡೂ ವಿಧಾನ ಮಂಡಲಗಳು ಪರಸ್ಪರ ವಿರುದ್ಧ ನಿರ್ಣಯಗಳನ್ನು ಸ್ವೀಕರಿಸಿದುವು. ಹಿರಿಯರ ನಿರ್ಣಯಗಳು ಕಡತಕ್ಕೆ ಹೋದುವು. ಬಸ್ಸು ನಿಂತ ದಿನಗಳಲ್ಲಿ ಗಡಿಯಾಚೆಯ ಕಾಲೇಜಿಗೆ ಹೋಗಬೇಕಾದ ಮಕ್ಕಳ ಪಾಡು ಏನಾಯಿತೆಂದು ಯಾವ ನಿರ್ಣಯದಲ್ಲಿಯೂ ಬರೆದಿಲ್ಲ.

ಕವಲುದಾರಿಯ ಹುಡುಗಿ

ಈಗ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಅವಳು ಯಾವುದೇ ಒಂದು ಮನೆಯವಳಲ್ಲ. ಅಂಥವರು ಪ್ರತಿ ವರ್ಷವೂ ಇರುತ್ತಾರೆ. ಅವಳ ಊರು ಅಕ್ಕಲಕೋಟೆ ತಾಲೂಕಿನ ದುಧನಿಯ ಹತ್ತಿರದ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ಮರಾಠಿ ಎರಡೂ, ತಾಲೂಕು ಕಚೇರಿಯಲ್ಲಿ ಮರಾಠಿ ಮಾತ್ರ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಅವಳು ಅಕ್ಷರ ಕಲಿತಳು. ಪುಣೆಯ ಬಾಲಭಾರತಿ ಸಂಸ್ಥೆ ಅಚ್ಚು ಹಾಕಿದ ಕನ್ನಡ ಪಠ್ಯಪುಸ್ತಕಗಳನ್ನು ಓದಿದಳು. ಹತ್ತನೆಯ ತರಗತಿಯನ್ನೂ ಕನ್ನಡ ಮಾಧ್ಯಮದಲ್ಲಿಯೇ ಮುಗಿಸಿದಳು.

ಅವಳ ಜತೆಗೆ ಒಂದನೆಯ ತರಗತಿಯಿಂದ ಕುಳಿತವರು ಈಗ ಚೆದರುತ್ತಾರೆ. ಒಬ್ಬಳು ಅಕ್ಕಲಕೋಟೆಯಲ್ಲಿಯೇ ಜೂನಿಯರ್ ಕಾಲೇಜು ಸೇರಿ ಮರಾಠಿಯಲ್ಲಿ ಕಲಾ ವಿಭಾಗ ಓದುತ್ತಾಳೆ. ಒಬ್ಬನು ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಎಸ್.ಟಿ. ಬಸ್ಸಿನಲ್ಲಿ ಹೋಗಿ ಇಂಗ್ಲಿಷಿನಲ್ಲಿ ವಿಜ್ಞಾನ ಓದುತ್ತಾನೆ. ಒಬ್ಬನು ಅಣ್ಣನ ಜತೆ ಪುಣೆಗೆ ಕೆಲಸಕ್ಕೆ ಹೋಗುತ್ತಾನೆ. ಒಬ್ಬಳಿಗೆ ಗಂಡು ನೋಡುವ ಮಾತು ಆಗಲೇ ಆರಂಭವಾಗಿದೆ. ಇದು ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತಿದ್ದರೂ ಹೇಳುವವರಿಲ್ಲ. ನಮ್ಮ ಹುಡುಗಿಯ ಸೋದರಮಾವ ಕಲಬುರಗಿಯಲ್ಲಿದ್ದಾನೆ. ದುಧನಿಯಲ್ಲಿ ರೈಲು ಹತ್ತಿದರೆ ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಕಲಬುರಗಿ. ಹಳಿ ಒಂದೇ, ಜೀವನ ಮಾತ್ರ ಎರಡು.

ಅವಳಿಗೆ ಭಯ ಏನೆಂದು ಹಿರಿಯರು ಕೇಳುವುದಿಲ್ಲ. ಪುಸ್ತಕ ಕಠಿನವಾದೀತೆಂಬುದು ಒಂದು ಭಯ. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಎಂದು ಕಲಿತವಳು ನಾಳೆ ಫೋಟೋಸಿಂಥೆಸಿಸ್ ಎಂದು ಕೇಳಬೇಕು, ಬರೆಯಬೇಕು. ತಿಳಿದ ವಿಷಯವನ್ನೇ ತಿಳಿಯದವಳಂತೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಬೇಕು. ಆದರೆ ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ಇಷ್ಟು ವರ್ಷ ತನ್ನನ್ನು ಬಲ್ಲ ನಾಲ್ಕೈದು ಮಂದಿ ಇನ್ನು ಪಕ್ಕದಲ್ಲಿರುವುದಿಲ್ಲ. ಹೊಸ ಜಾಗದಲ್ಲಿ ತನ್ನ ಮಾತಿನ ರೀತಿಗೆ ಯಾರಾದರೂ ನಕ್ಕಾರು. ಸೊಲ್ಲಾಪುರಕ್ಕೆ ಹೋದರೆ ಕನ್ನಡದವಳು, ಕಲಬುರಗಿಗೆ ಹೋದರೆ ಮಹಾರಾಷ್ಟ್ರದವಳು ಎಂದು ಕರೆಯಿಸಿಕೊಳ್ಳುವ ಸಂಕಟ ಅವಳದು. ನಮ್ಮ ಮಕ್ಕಳು ಮಂಗಳೂರಿನಲ್ಲಿ ಕೇರಳದವರೆಂದೂ ಕಣ್ಣೂರಿನಲ್ಲಿ ಕನ್ನಡದವರೆಂದೂ ಕರೆಯಿಸಿಕೊಳ್ಳುವುದಿಲ್ಲವೇ?

ಸಂವಿಧಾನದ ಮಾತು ಎಲ್ಲಿಗೆ ನಿಲ್ಲುತ್ತದೆ?

ಕವಲುದಾರಿ ಇಷ್ಟು ಕಠಿನವಾದುದಕ್ಕೆ ಕಾರಣ ಮಗುವಿನ ಮನೋದೌರ್ಬಲ್ಯವಲ್ಲ, ವ್ಯವಸ್ಥೆಯ ಅರೆಮನಸ್ಸು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ 350 ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ನೀಡಲು ರಾಜ್ಯಗಳು ತಕ್ಕ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಅದು ಹೇಳುತ್ತದೆ. ನಮ್ಮನ್ನು ಬೇರೆ ರಾಜ್ಯಕ್ಕೆ ಸೇರಿಸಿದ ದಿನ ಯಾವುದೋ, ಈ ಭರವಸೆ ಜಾರಿಗೆ ಬಂದ ದಿನವೂ ಅದೇ. ಆದರೆ ಭರವಸೆ ಪ್ರಾಥಮಿಕ ಹಂತಕ್ಕೆ ಮಾತ್ರ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಕೂಡ ಕಾರ್ಯಸಾಧ್ಯವಾದ ಮಟ್ಟಿಗೆ ಮಾತೃಭಾಷೆ ಎನ್ನುತ್ತದೆ. ಅದರ ವ್ಯಾಪ್ತಿ ಎಂಟನೆಯ ತರಗತಿಗೆ ಮುಗಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಐದನೆಯ ತರಗತಿಯ ತನಕವಾದರೂ ಮನೆಮಾತು ಇರಲಿ, ಎಂಟರ ತನಕ ಇದ್ದರೆ ಒಳ್ಳೆಯದು ಎನ್ನುತ್ತದೆ. ಅದರಿಂದಾಚೆಗೆ ಮಗು ತನ್ನ ದಾರಿ ತಾನು ನೋಡಿಕೊಳ್ಳಬೇಕು.

ಇದು ಒಂದು ಕಡೆ. ಇನ್ನೊಂದು ಕಡೆಯಲ್ಲಿ ರಾಜ್ಯದ ಭಾಷೆಯ ಕಾಯಿದೆಗಳಿವೆ. ಕೇರಳವು 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಎದ್ದ ಪ್ರತಿಭಟನೆ ಎಲ್ಲರಿಗೂ ನೆನಪಿದೆ. ಮಹಾರಾಷ್ಟ್ರವು 2020ರಲ್ಲಿ ಎಲ್ಲ ಶಾಲೆಗಳಲ್ಲಿಯೂ ಮರಾಠಿಯನ್ನು ಕಡ್ಡಾಯಗೊಳಿಸಿತು. ನಾವು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ರಾಜ್ಯದ ಭಾಷೆಯನ್ನು ಮಗು ಕಲಿಯುವುದರಿಂದ ಕನ್ನಡಕ್ಕೆ ಕೇಡಿಲ್ಲ. ಕಚೇರಿಗೆ ಹೋಗುವ, ಬಸ್ಸಿನ ಬೋರ್ಡು ಓದುವ, ನೆರೆಮನೆಯವರೊಡನೆ ಬದುಕುವ ಭಾಷೆ ಬಾರದ ಮಗುವಿಗೆ ಆಯ್ಕೆಯೇ ಇಲ್ಲ. ಕೇಡಿರುವುದು ಒಂದು ಭಾಷೆಯನ್ನು ಇನ್ನೊಂದರ ಜಾಗದಲ್ಲಿ ತಂದು ಕೂರಿಸುವುದರಲ್ಲಿ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸಿದಾಗ ನಮ್ಮ ಜಿಲ್ಲೆಯ ಮಕ್ಕಳು ಬೀದಿಗೆ ಇಳಿದುದು ಮಲಯಾಳದ ಮೇಲಣ ದ್ವೇಷದಿಂದಲ್ಲ. ಗಣಿತ ಅರ್ಥವಾಗಲಿಲ್ಲವೆಂಬ ಸರಳ ಕಾರಣದಿಂದ.

ಅರ್ಜಿಯೊಳಗಿನ ಗಡಿ

ಮಹಾಜನ ವರದಿ ಜಾರಿಗೆ ಬರಲಿಲ್ಲವೆಂದೆವು. ಆದರೆ ಒಂದು ಕಡೆ ಅದು ಇಂದಿಗೂ ಜೀವಂತವಾಗಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿ ಶಿಕ್ಷಣದ ಪ್ರವೇಶಕ್ಕೆ ಹೊರಡಿಸುವ ಅರ್ಹತಾ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದು ಒಂದು ಕಲಮು ಇದೆ. ಅದರಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಹೆಸರಿದೆ. ಜತೆಯಲ್ಲಿಯೇ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಇಂತಿಷ್ಟು ವರ್ಷ ಆ ಪ್ರದೇಶದಲ್ಲಿ ಓದಿರಬೇಕು. ಪ್ರಾಧಿಕಾರವು ನಡೆಸುವ ಕನ್ನಡ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅರವತ್ತು ವರ್ಷಗಳ ರಾಜಕೀಯ ವಿವಾದವು ನಮ್ಮ ಮಕ್ಕಳ ಪಾಲಿಗೆ ಅರ್ಜಿಯ ಒಂದು ಕಲಮಾಗಿ ಉಳಿದಿದೆ.

ಈ ಕಲಮು ನಿಜವಾದ ಉಪಕಾರ. ಮಂಗಳೂರಿನಲ್ಲಿಯೋ ಕಲಬುರಗಿಯಲ್ಲಿಯೋ ಇಂಜಿನಿಯರಿಂಗ್, ವೈದ್ಯಕೀಯ ಸೀಟು ಬಯಸುವ ಗಡಿನಾಡ ಮಗುವಿಗೆ ಅದು ತೆರೆದ ಬಾಗಿಲು. ಆದರೆ ಆ ಬಾಗಿಲಿಗೆ ಹೊಸ್ತಿಲಿದೆ. ಎಲ್ಲಿ ಓದಿದ್ದು, ಎಷ್ಟು ವರ್ಷ ಓದಿದ್ದು, ಹನ್ನೆರಡನೆಯ ತರಗತಿಯನ್ನು ಎಲ್ಲಿ ಪಾಸು ಮಾಡಿದ್ದು ಎಂಬ ಲೆಕ್ಕ ಕರ್ನಾಟಕದಲ್ಲಿಯೂ ನಡೆಯುತ್ತದೆ, ಮಹಾರಾಷ್ಟ್ರದಲ್ಲಿಯೂ ನಡೆಯುತ್ತದೆ. ಹತ್ತನೆಯ ತರಗತಿ ಮುಗಿದ ಮೇ ತಿಂಗಳಲ್ಲಿ ಸೋದರಮಾವನ ಮನೆಯಿದೆಯೆಂದು ಗಡಿ ದಾಟಿದ ಮಗು, ಎರಡು ವರ್ಷಗಳ ಬಳಿಕ ಯಾವ ರಾಜ್ಯದ ಯಾವ ಕಲಮಿನಲ್ಲಿ ತನಗೆ ಜಾಗವಿದೆಯೆಂದು ಹುಡುಕಬೇಕಾಗುತ್ತದೆ. ಹದಿನೈದರ ಹರೆಯದಲ್ಲಿ ಹಿಡಿದ ದಾರಿ ಹದಿನೇಳರಲ್ಲಿ ಬಾಗಿಲು ಮುಚ್ಚಿಸಬಹುದು. ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟು: ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಹತ್ತನೆಯ ತರಗತಿಯಲ್ಲಿರುವಾಗಲೇ ಮಗುವಿನ ಜತೆಗೆ ಕುಳಿತು ಓದಿರಿ. ಬಂಧುಗಳ ಬಾಯಿಮಾತನ್ನು ನಂಬಿ ಹೊರಡಬೇಡಿರಿ.

ಆಯ್ಕೆ ಯಾರದು?

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಕರ್ನಾಟಕದ ಭಾಷಾ ಮಾಧ್ಯಮದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಸರಕಾರ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಹೆತ್ತವರದು ಎಂದು ಅದು ಹೇಳಿತು. ಕನ್ನಡ ಚಳವಳಿಯವರಿಗೆ ಈ ತೀರ್ಪಿನಿಂದ ನೋವಾಯಿತು. ಕನ್ನಡ ಶಾಲೆಗಳ ಬಾಗಿಲು ಮುಚ್ಚುತ್ತಿರುವುದನ್ನು ಕಣ್ಣಾರೆ ಕಾಣುವವರು ಈ ತೀರ್ಪನ್ನು ಹರ್ಷದಿಂದ ಓದಲಾರರು.

ಆದರೂ ಅದರ ಒಂದು ಶಬ್ದವನ್ನು ನಾವು ಸರಿಯಾಗಿ ಗಮನಿಸಲಿಲ್ಲವೆಂದು ತೋರುತ್ತದೆ. ಆಯ್ಕೆ ಮೊದಲು ಮಗುವಿನದು; ಹೆತ್ತವರು ಅದರ ಪರವಾಗಿ ನಿಂತವರು. ಆರು ವರ್ಷದ ಮಗುವಿನ ಪರವಾಗಿ ಹೆತ್ತವರೇ ಹೇಳಬೇಕು, ಬೇರೆ ದಾರಿಯಿಲ್ಲ. ಹದಿನಾರರ ಮಗುವಿಗೆ ತನ್ನ ಬಾಯಿ ಇದೆ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ಅದರ ಪ್ರಾಯಕ್ಕೂ ಪಕ್ವತೆಗೂ ತಕ್ಕ ಬೆಲೆ ಕೊಡಬೇಕೆನ್ನುತ್ತದೆ. ಅಕ್ಕಲಕೋಟೆಯ ಕಡೆಯ ಮಾತಿನಲ್ಲಿ ಹೇಳುವುದಾದರೆ, "ನಿನಗ ಏನ್ ಅನಸ್ತದವ್ವಾ, ಹೇಳು" ಎಂದು ಅಪ್ಪನಾದವನು ಒಮ್ಮೆ ಕೇಳಿದರೆ ಸಾಕು. ಒಡಂಬಡಿಕೆಯ ಸಾರವೆಲ್ಲ ಅದರಲ್ಲಿ ಬಂತು.

ಕೇಳುವುದೆಂದರೆ ಮಗು ಹೇಳಿದುದಕ್ಕೆಲ್ಲ ತಲೆದೂಗುವುದೆಂದು ಅರ್ಥವಲ್ಲ. ಗೆಳತಿ ಸೇರಿದ ಕಾಲೇಜೆಂಬ ಒಂದೇ ಕಾರಣಕ್ಕೆ ತಾನೂ ಅಲ್ಲಿಗೇ ಹೋಗುವೆನೆಂದು ಮಗು ಹಟ ಹಿಡಿಯಬಹುದು. ಆಗ ಖರ್ಚೆಷ್ಟು, ದೂರವೆಷ್ಟು, ಮುಂದೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ಅದರ ಮುಂದೆ ಹರಡಿ ಇಡುವುದು ಹಿರಿಯರ ಕೆಲಸ. ಅದನ್ನು ತೂಗಿ ನೋಡುವುದನ್ನು ಮಗು ಕಲಿಯಬೇಕು. ಗೆಳತಿಯನ್ನು ಬಿಟ್ಟು ಹೋಗುವ ದುಃಖವನ್ನೂ ಆ ತೂಕದಲ್ಲಿ ಇಡಲಿ. ಅದು ಸಣ್ಣ ವಿಷಯವೆಂದು ನಗಬೇಡಿರಿ. ಭವಿಷ್ಯವನ್ನು ಆರಿಸಿಕೊಳ್ಳುವ ಬುದ್ಧಿ ಒಂದು ದಿನದಲ್ಲಿ ಬರುವಂಥದಲ್ಲ.

ತಲೆಯೆಣಿಕೆಯ ಭಾರ

ಇಲ್ಲಿ ನಾವು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕನ್ನಡ ಶಾಲೆಯಿಂದ ಮಗು ಬಿಟ್ಟು ಹೋದರೆ ಕನ್ನಡಕ್ಕೆ ದ್ರೋಹವಾಯಿತೆಂದು ನಮ್ಮ ಸಭೆಗಳಲ್ಲಿ ಭಾಷಣ ಮಾಡುತ್ತೇವೆ, ಪತ್ರಿಕೆಗಳಲ್ಲಿ ಬರೆಯುತ್ತೇವೆ. ಭಾಷಣ ಕೇಳುವ ಹೆತ್ತವರು ತಲೆ ತಗ್ಗಿಸುತ್ತಾರೆ; ಮಗು ತಾನೇನೋ ಅಪರಾಧ ಮಾಡಿದೆನೆಂದುಕೊಳ್ಳುತ್ತದೆ. ಮಕ್ಕಳನ್ನು ಗಡಿಕಲ್ಲುಗಳಂತೆ ನಿಲ್ಲಿಸಲು ನಮಗೆ ಅಧಿಕಾರ ಕೊಟ್ಟವರು ಯಾರು?

ಹಾಗೆಂದು ಮಗು ಹೋದುದರಿಂದ ನಷ್ಟವೇ ಇಲ್ಲವೆಂದು ಹೇಳಿದರೆ ಅದೂ ಸುಳ್ಳು. ಕೇರಳದಲ್ಲಿ ಶಾಲೆ ಆರಂಭವಾದ ಆರನೆಯ ಕೆಲಸದ ದಿನ ತಲೆಯೆಣಿಕೆ ನಡೆಯುತ್ತದೆ. ಸಂಖ್ಯೆ ತಗ್ಗಿದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಇದೇ ಲೆಕ್ಕಕ್ಕೆ ಸಂಚ ಮಾನ್ಯತಾ ಎಂದು ಹೆಸರು. ಹುದ್ದೆ ಹೋದ ಶಾಲೆಯಲ್ಲಿ ಒಬ್ಬರೇ ಎರಡು ಮೂರು ತರಗತಿಗಳಿಗೆ ಪಾಠ ಮಾಡಬೇಕು. ಪಾಠ ಕುಂಟಿದುದನ್ನು ಕಂಡು ಮತ್ತೆ ನಾಲ್ಕು ಹೆತ್ತವರು ಮಕ್ಕಳನ್ನು ಬಿಡಿಸುತ್ತಾರೆ. ಹೋದವರ ಆಯ್ಕೆಯ ಬೆಲೆಯನ್ನು ಉಳಿದ ಗೆಳೆಯರು ತೆರುತ್ತಾರೆ. ಹೋಗಲು ಬಸ್ಸಿನ ದುಡ್ಡಿಲ್ಲದವರು, ಗಡಿಯಾಚೆ ಸೋದರಮಾವನಿಲ್ಲದವರು, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವರು ಹೀಗೆ ಉಳಿಯುವವರು. ವಿಷಯದ ಮರ್ಮ ಇರುವುದು ಇಲ್ಲಿಯೇ.

ಈ ಬೆಲೆಯನ್ನು ಹೊರುವವರು ಯಾರಾಗಬೇಕು? ಹೊರಟ ಮಗುವಲ್ಲ, ಉಳಿದ ಮಗುವೂ ಅಲ್ಲ. ಬಹುಸಂಖ್ಯಾತರ ಶಾಲೆಗಳಿಗೆಂದು ಮಾಡಿದ ಸಂಖ್ಯೆಯ ಅಳತೆಗೋಲನ್ನು ಅಲ್ಪಸಂಖ್ಯಾತರ ಶಾಲೆಗೂ ಹಿಡಿಯುವುದು ನ್ಯಾಯವಲ್ಲ. ಊರಿನಲ್ಲಿ ಮಲಯಾಳ ಶಾಲೆ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಮಲಯಾಳ ಶಾಲೆ ಸಿಗುತ್ತದೆ. ಮರಾಠಿಯ ಸ್ಥಿತಿಯೂ ಹಾಗೆಯೇ. ಕನ್ನಡ ಶಾಲೆಯೊಂದು ಮುಚ್ಚಿದರೆ ಆ ಊರಿನಲ್ಲಿ ಆಯ್ಕೆಯೆಂಬುದೇ ಮುಚ್ಚಿ ಹೋಗುತ್ತದೆ. ಹತ್ತು ಮಕ್ಕಳಿದ್ದರೂ ವಿಷಯಕ್ಕೊಬ್ಬ ಕನ್ನಡ ಬಲ್ಲ ಅಧ್ಯಾಪಕರು ಇರಲೇಬೇಕೆಂಬ ಬೇಡಿಕೆಯನ್ನು ತಿರುವನಂತಪುರದಲ್ಲಿಯೂ ಮುಂಬಯಿಯಲ್ಲಿಯೂ ಇಡಬೇಕಾಗಿದೆ. ಇದು ದಯೆಯ ಬೇಡಿಕೆಯಲ್ಲ. 350 ಎ ವಿಧಿಯ ನೇರ ಅರ್ಥ. ದಾರಿ ಒಂದೇ ಇದ್ದಲ್ಲಿ ಅದನ್ನು ಆಯ್ಕೆ ಎಂದು ಕರೆಯುವುದು ಮಾತಿನ ಮೋಸ.

ಹೋದವರೆಲ್ಲ ಕಳೆದುಹೋಗುವುದಿಲ್ಲ

ಬೇರೆ ಮಾಧ್ಯಮಕ್ಕೆ ಹೋದ ಮಗು ಕನ್ನಡಕ್ಕೆ ಸತ್ತಿತೆಂದು ತಿಳಿಯುವವರು ಸೊಲ್ಲಾಪುರದ ಇಬ್ಬರನ್ನು ನೆನೆಯಬೇಕು. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತುದು ಮರಾಠಿಯಲ್ಲಿ. ಕನ್ನಡವನ್ನು ಅವರು ಅನಂತರ ಸ್ವಪ್ರಯತ್ನದಿಂದ ಗಳಿಸಿಕೊಂಡರು. ಸಿದ್ಧರಾಮನ ಮೇಲೆ ತ್ರಿಪದಿಯಲ್ಲಿ ಪುರಾಣ ಬರೆದರು. ಮರಾಠಿಯವರಿಗೆ ವಚನಗಳ ಪರಿಚಯ ಮಾಡಿಸಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಮರಾಠಿ ಶಾಲೆಯಲ್ಲಿ ಓದಿದವರು!

ಇನ್ನೊಬ್ಬರು ಬೇಂದ್ರೆಯವರು. ಅವರ ಮನೆಮಾತು ಮರಾಠಿ. 1944ರಿಂದ 1956ರ ತನಕ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅವರು ಕನ್ನಡದ ಪ್ರಾಧ್ಯಾಪಕರಾಗಿದ್ದರು. ಮರಾಠಿ ಮನೆಯ ಮಗ ಕನ್ನಡದ ವರಕವಿಯಾದ. ಕನ್ನಡ ಮನೆಯ ಮಗಳು ಮರಾಠಿ ಓದಿ ಕನ್ನಡಕ್ಕೆ ಮರಳಿದಳು. ಹುಟ್ಟಿನಿಂದ ಬಂದುದಕ್ಕಿಂತ ಆರಿಸಿಕೊಂಡುದು ಗಟ್ಟಿಯಾಗಿ ನಿಲ್ಲುವುದೂ ಉಂಟು.

ನಮ್ಮ ಅಂಗಳದಲ್ಲಿಯೇ ನೋಡಿರಿ. ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಕಾಸರಗೋಡಿನ ಕನ್ನಡಿಗರೆಂದು ಹೇಳಿಕೊಳ್ಳುವ ನಮ್ಮಲ್ಲಿ ಎಷ್ಟು ಮಂದಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕರ್ಹಾಡವನ್ನೋ ಮರಾಠಿಯನ್ನೋ ಆಡುತ್ತೇವೆ! ಕನ್ನಡವು ನಮ್ಮಲ್ಲಿ ಅನೇಕರಿಗೆ ಹಿರಿಯರು ಶಾಲೆಯ ಮೂಲಕ ಆರಿಸಿಕೊಂಡ ಭಾಷೆ. ಯಾರ ಬಲವಂತವೂ ಇಲ್ಲದೆ ಪ್ರೀತಿಯಿಂದ ಆರಿಸಿಕೊಂಡುದರಿಂದಲೇ ಇಷ್ಟು ವರ್ಷಗಳ ಬಳಿಕವೂ ಅದನ್ನು ಬಿಟ್ಟುಕೊಡಲು ನಮಗೆ ಮನಸ್ಸಾಗುವುದಿಲ್ಲ. ಆಯ್ಕೆಯಿಂದ ಉಳಿದ ಭಾಷೆಯನ್ನು ಆಯ್ಕೆಯನ್ನು ಕಿತ್ತುಕೊಂಡು ಉಳಿಸಲಾದೀತೇ?

ನಾವು ಮಾಡಬಹುದಾದುದು

ಸರಕಾರ ಮಾಡಬೇಕಾದುದನ್ನು ಹೇಳಿದೆವು. ನಮ್ಮ ಕೈಯಲ್ಲಿರುವ ಕೆಲಸಗಳೂ ಇವೆ. ಒಂದನೆಯದಾಗಿ, ಕನ್ನಡ ಮಾಧ್ಯಮದ ಮಕ್ಕಳಿಗೆ ಎಂಟನೆಯ ತರಗತಿಯಿಂದಲೇ ಗಣಿತ, ವಿಜ್ಞಾನಗಳ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿಯೂ ಕಲಿಸಬೇಕು. ಕನ್ನಡದಲ್ಲಿ ವಿಷಯ ತಿಳಿದ ಮಗುವಿಗೆ ಇನ್ನೂರು ಮುನ್ನೂರು ಹೊಸ ಶಬ್ದಗಳು ದೊಡ್ಡ ಹೊರೆಯಲ್ಲ. ಈ ಸಣ್ಣ ಸೇತುವೆ ಇಲ್ಲದುದರಿಂದಲೇ ಅನೇಕ ಹೆತ್ತವರು ಹೆದರಿ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಶಾಲೆಗೆ ಓಡುತ್ತಾರೆ.

ಎರಡನೆಯದಾಗಿ, ಬೇರೆ ಮಾಧ್ಯಮಕ್ಕೆ ಹೋದ ಮಕ್ಕಳಿಗೆ ಕನ್ನಡದ ಬಾಗಿಲು ತೆರೆದಿರಬೇಕು. ವಾಚನಾಲಯ, ರಜೆಯ ಶಿಬಿರ, ಯಕ್ಷಗಾನ ತರಗತಿ, ಹಳೆ ವಿದ್ಯಾರ್ಥಿ ಸಂಘದ ವಾರ್ಷಿಕೋತ್ಸವ, ಇವೆಲ್ಲ ಹೋದವರನ್ನೂ ಉಳಿದವರನ್ನೂ ಒಂದೇ ಚಾಪೆಯಲ್ಲಿ ಕೂರಿಸುವ ಸಾಧನಗಳು. ಸೊಲ್ಲಾಪುರದಲ್ಲಿ ಮಕರ ಸಂಕ್ರಾಂತಿಯ ಸಿದ್ಧರಾಮೇಶ್ವರನ ಜಾತ್ರೆಗೆ ಕನ್ನಡ, ಮರಾಠಿ, ತೆಲುಗು ಮಾತಾಡುವವರೆಲ್ಲ ಬಂದು ಸೇರುತ್ತಾರೆ. ಗೆಳೆತನಕ್ಕೆ ಮಾಧ್ಯಮದ ಗೋಡೆ ಇರಬೇಕಾಗಿಲ್ಲ.

ಮೂರನೆಯದಾಗಿ, ಹತ್ತನೆಯ ತರಗತಿಯ ಮಕ್ಕಳನ್ನು ಡಿಸೆಂಬರಿನಲ್ಲಿಯೇ ಕೂರಿಸಿ ಮುಂದಿನ ದಾರಿಗಳನ್ನು ತಿಳಿಹೇಳುವ ಒಂದು ಸಭೆಯನ್ನು ಪ್ರತಿ ಶಾಲೆಯಲ್ಲಿಯೂ ನಡೆಸಬೇಕು. ಅದೇ ಶಾಲೆಯಿಂದ ಹೋಗಿ ಮಂಗಳೂರಿನಲ್ಲಿಯೋ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿಯೋ ಓದುತ್ತಿರುವ ಅಣ್ಣ ಅಕ್ಕಂದಿರೇ ಬಂದು ಮಾತಾಡಲಿ. ಯಾವುದು ಕಷ್ಟವಾಯಿತು, ಎಷ್ಟು ದಿನ ಒಂಟಿತನ ಕಾಡಿತು, ಯಾರು ಸಹಾಯಕ್ಕೆ ಬಂದರು ಎಂದು ಅವರು ಹೇಳುವ ನಾಲ್ಕು ಮಾತು ನಮ್ಮ ನಲುವತ್ತು ಭಾಷಣಗಳಿಗಿಂತ ಮೇಲು.

ರಾಘವಾಂಕನು ಸಿದ್ಧರಾಮ ಚಾರಿತ್ರದಲ್ಲಿ ಸೊನ್ನಲಿಗೆಯ ಒಬ್ಬ ಹುಡುಗನ ಕತೆ ಹೇಳಿದ್ದಾನೆ. ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಹೊಲದಲ್ಲಿದ್ದ ಹುಡುಗ ತನ್ನನ್ನು ಕೂಗಿ ಕರೆದ ಮಲ್ಲಯ್ಯನನ್ನು ಹುಡುಕುತ್ತ, ಮನೆಯನ್ನೂ ಒಡನಾಡಿಗಳನ್ನೂ ಬಿಟ್ಟು ಶ್ರೀಶೈಲದ ದಾರಿ ಹಿಡಿದ. ಆ ದಿನ ಊರಿನವರು ಮಗ ಕೈಬಿಟ್ಟು ಹೋದನೆಂದೇ ತಿಳಿದಿರಬೇಕು. ಆದರೆ ಆತ ಮರಳಿ ಬಂದ. ಊರಿಗೆ ಕೆರೆ ಕಟ್ಟಿಸಿದ. ಮುಂದೆ ಒಂದು ದಿನ ಅದನ್ನೂ ಬಿಟ್ಟು ಕಲ್ಯಾಣಕ್ಕೆ ಹೊರಟ. ಆ ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ಇದೆ.

ಹೋದ ಮಕ್ಕಳೆಲ್ಲ ಮರಳಿ ಬಂದು ಕೆರೆ ಕಟ್ಟಿಸುತ್ತಾರೆಂದು ನಾವು ಹೇಳುವುದಿಲ್ಲ. ಕೆಲವರು ಬರುವುದಿಲ್ಲ, ಅದಕ್ಕೂ ಮನಸ್ಸನ್ನು ಸಿದ್ಧಗೊಳಿಸಬೇಕು. ಆದರೆ ಅಳುತ್ತ, ಬೈಸಿಕೊಂಡು, ಬಲವಂತಕ್ಕೆ ಬಸ್ಸು ಹತ್ತಿದ ಮಗು ಮರಳುವುದು ಕಷ್ಟ. ತಾನೇ ಯೋಚಿಸಿ, ಗೆಳೆಯರಿಗೆ ಹೇಳಿ, ಹಿರಿಯರ ಒಪ್ಪಿಗೆ ಪಡೆದು ಹೊರಟ ಮಗುವಿಗೆ ಊರ ದಾರಿ ಮರೆಯುವುದಿಲ್ಲ. ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿಯೂ ನಮ್ಮ ಕಾಸರಗೋಡಿನ ಬಸ್ ಸ್ಟ್ಯಾಂಡಿನಲ್ಲಿಯೂ ಈ ಜೂನಿನಲ್ಲಿ ಚೀಲ ಹಿಡಿದು ನಿಲ್ಲುವ ಮಕ್ಕಳನ್ನು ನೋಡುವಾಗ, ಇವನಿಂದ ಕನ್ನಡಕ್ಕೆ ಲಾಭವೇ ನಷ್ಟವೇ ಎಂದು ಎಣಿಸುವುದನ್ನು ಬಿಡೋಣ. ಎಲ್ಲಿಗೆ ಹೊರಟೆ ಮಗಾ, ನಿನಗೆ ಒಪ್ಪಿಗೆಯುಂಟಷ್ಟೆ ಎಂದು ಕೇಳೋಣ. ಆಮೇಲೆ ಮನೆಗೆ ಹೋಗಿ, ಊರಿನಲ್ಲಿ ಉಳಿದ ಮಕ್ಕಳ ಶಾಲೆಗೆ ಗಣಿತದ ಅಧ್ಯಾಪಕರು ಬಂದಿದ್ದಾರೆಯೇ ಎಂದು ವಿಚಾರಿಸೋಣ. ನಮ್ಮ ಕೆಲಸ ಇರುವುದು ಅಲ್ಲಿ.